ಪಿಟಿಟಿ (ಮೈಕಿನ ಮಾತಾಡುವ ಬಟನ್) ಒತ್ತಿದ ಕೂಡ್ಲೆ ಸೆಟ್ ಆಫ್ ಆಗ್ತದೆ – ಕಾರಿಗೆ 50 ವಾಟಿನ ವಿಎಚ್‌ಎಫ್ ಹ್ಯಾಮ್ ರೇಡಿಯೋ ಹಾಕಿದವರು ಸ್ವಲ್ಪ ಹೇಳಿ

ಉದ್ಯಾವರದ ಹುಡುಗ:
ನಮಸ್ಕಾರ ಎಲ್ರಿಗೂ. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬಂದು ಎರಡು ತಿಂಗಳಾಯ್ತು, ರಿಸ್ಟ್ರಿಕ್ಟೆಡ್ ಗ್ರೇಡ್, ಕಾಲ್‌ಸೈನ್ ವಿಯು3ಯಿಂದ ಶುರು. ಇಷ್ಟು ದಿನ 5 ವಾಟಿನ ಹ್ಯಾಂಡ್‌ಸೆಟ್ಟಲ್ಲೇ ಮಾತಾಡ್ತಿದ್ದೆ, ಮಣಿಪಾಲದ ಗುಡ್ಡೆ ಕಣ್ಣಿಗೆ ಕಾಣುವಲ್ಲಿವರೆಗೆ ಪರವಾಗಿಲ್ಲ, ಕಾಪು ದಾಟಿದ್ರೆ ಎಂತದೂ ಇಲ್ಲ. ಹಾಗಾಗಿ ಒಬ್ಬರು ಹಿರಿಯ ಹ್ಯಾಮ್ ಹತ್ರ ಅವರು ಉಪಯೋಗಿಸಿದ 50 ವಾಟಿನ 2 ಮೀಟರ್ ಬ್ಯಾಂಡಿನ ಮೊಬೈಲ್ (ಗಾಡಿಗೆ ಹಾಕುವ) ಸೆಟ್ ತಗೊಂಡೆ, ಸೆಟ್ ಒಳ್ಳೆದುಂಟು, ಅವರ ಮನೆಯಲ್ಲಿ ಪವರ್ ಸಪ್ಲೈಗೆ ಹಾಕಿ ತೋರಿಸಿಯೇ ಕೊಟ್ಟದ್ದು.

ಕಾರಿಗೆ ಹಾಕ್ಲಿಕ್ಕೆ ಒಂದು ಆಕ್ಸೆಸರಿ ಅಂಗಡಿಗೆ ಕೊಟ್ಟೆ. ಅವರು ಸಿಗರೇಟ್ ಲೈಟರ್ ಸಾಕೆಟ್ ಹಿಂದಿನಿಂದ ವಯರ್ ಎಳೆದು ಕೊಟ್ಟಿದ್ದಾರೆ, ಸ್ಟೀರಿಯೋಗೆ ಹಾಕುವಂತ ಸಪೂರ ವಯರ್. ಲೋ ಪವರಲ್ಲಿ ಕೆಲಸ ಮಾಡ್ತದೆ. ಹೈ ಪವರಿಗೆ ಹಾಕಿ ಪಿಟಿಟಿ ಒತ್ತಿದ ಕೂಡ್ಲೆ ಡಿಸ್ಪ್ಲೇ ಒಮ್ಮೆ ಮಂಕಾಗಿ ಸೆಟ್ ಆಫ್, ಕೈ ಬಿಟ್ರೆ ಪುನಃ ಆನ್. ಎಂಜಿನ್ ಆನ್ ಇದ್ರೆ ಸ್ಪೀಕರಲ್ಲಿ ಕೀಂಯ್ ಅಂತ ಒಂದು ಶಬ್ದ ಬೇರೆ, ಆಕ್ಸಿಲರೇಟರ್ ಒತ್ತಿದ ಹಾಗೆ ಅದೂ ಏರ್ತದೆ. ನಿನ್ನೆ ಸಾಕೆಟ್ ಹತ್ರ ಪ್ಲಾಸ್ಟಿಕ್ ಬಿಸಿಯಾದ ವಾಸನೆ ಬಂತು, ಹೆದರಿ ತೆಗೆದಿಟ್ಟೆ. ಸೆಟ್ ಹೋಗಿರಬಹುದಾ?

ಕಟಪಾಡಿ ವಯರಿಂಗ್:
ಸೆಟ್ ಹೋಗಿಲ್ಲ. ತೆಗೆದಿಟ್ಟದ್ದು ಒಳ್ಳೆದಾಯ್ತು, ಇನ್ನು ಆ ಸಾಕೆಟ್ಟಿಗೆ ಹಾಕ್ಲೇ ಬೇಡಿ.

ನಾನು 22 ವರ್ಷದಿಂದ ಗಾಡಿ ವಯರಿಂಗ್ ಕೆಲಸವೇ ಮಾಡೋದು, ಹ್ಯಾಮ್ ಆದದ್ದು ಮತ್ತೆ. 50 ವಾಟ್ ಅಂದ್ರೆ ಆಂಟೆನಾಕ್ಕೆ ಹೋಗುವ ಪವರ್ ಅಷ್ಟೇ, ಬ್ಯಾಟ್ರಿಯಿಂದ ಅದು ಎಳೆಯೋದು 13.8 ವೋಲ್ಟಲ್ಲಿ 10ರಿಂದ 12 ಆಂಪ್ಸ್, ಅಂದ್ರೆ 150 ವಾಟ್ ಹತ್ರ, ಬಾಕಿ 100 ವಾಟ್ ಬಿಸಿಯಾಗಿ ಹೋಗ್ತದೆ. ಲೈಟರ್ ಸಾಕೆಟ್ ಇರೋದೇ 120 ವಾಟಿಗೆ, ಅದರೊಳಗೆ ಪಾಸಿಟಿವ್ ಹಿಡಿಯೋದು ಒಂದು ಸಣ್ಣ ಸ್ಪ್ರಿಂಗು. ನಿಮ್ಮದು ಹಿಂದಿನಿಂದ ಎಳೆದದ್ದಾದ್ರೂ ಅಲ್ಲಿಗೆ ಬರುವ ಕಂಪೆನಿ ವಯರೇ ಅದಕ್ಕೆ ಲೆಕ್ಕ ಮಾಡಿ ಹಾಕಿದ್ದು. ನಿಮ್ಮ ಹತ್ರ ಮಲ್ಟಿಮೀಟರ್ ಉಂಟಾ? ಇದ್ರೆ ಒಂದೇ ಒಂದು ಸಲ, ಎರಡು ಸೆಕೆಂಡು ಮಾತ್ರ, ಎಂಜಿನ್ ಆನ್ ಇಟ್ಟು ಪಿಟಿಟಿ ಒತ್ತಿ ಸೆಟ್ಟಿನ ಪ್ಲಗ್ ಹತ್ರ ವೋಲ್ಟ್ ನೋಡಿ, ಮತ್ತೆ ಬ್ಯಾಟ್ರಿ ಮೇಲೆ ನೋಡಿ. ಎರಡನ್ನೂ ಇಲ್ಲಿ ಬರೀರಿ. ಪಿಟಿಟಿ ಒತ್ತುವಾಗ ಆಂಟೆನಾ ಹಾಕಿರ್ಬೇಕು ಮರೀಬೇಡಿ.

ಸುರತ್ಕಲ್ 145:
ಆ ಕೀಂಯ್ ಶಬ್ದ ಆಲ್ಟರ್ನೇಟರದ್ದು. ಎಂಜಿನ್ ಸ್ಪೀಡಿನ ಒಟ್ಟಿಗೆ ಏರ್ತದೆ ಅಂದ್ರೆ ಬೇರೆ ಎಂತದೂ ಅಲ್ಲ. ಪವರ್ ಸಮ ಮಾಡಿದ್ರೆ ಮುಕ್ಕಾಲು ಪಾಲು ಅದೇ ಹೋಗ್ತದೆ, ಈಗಲೇ ಫಿಲ್ಟರ್ ಅದು ಇದು ಅಂತ ಪೊಕ್ಕಡೆ ಹಣ ಹಾಕ್ಬೇಡಿ.

ಉದ್ಯಾವರದ ಹುಡುಗ:
ನೋಡಿದೆ. ಸುಮ್ಮನೆ ಇರುವಾಗ ಪ್ಲಗ್ ಹತ್ರ 14.1. ಪಿಟಿಟಿ ಒತ್ತಿದಾಗ 10.6, ಆಗ ಸೆಟ್ ಆಫ್. ಅದೇ ಹೊತ್ತಿಗೆ ಬ್ಯಾಟ್ರಿ ಮೇಲೆ 13.9 ಇತ್ತು, ತಮ್ಮ ಹಿಡ್ಕೊಂಡು ನೋಡಿದ. ಸಾಕೆಟ್ ಬಿಚ್ಚಿ ನೋಡಿದ್ರೆ ಅಂಗಡಿಯವರು ವಯರಿಗೆ ವಯರ್ ಸುತ್ತಿ ಮೇಲಿಂದ ಟೇಪ್ ಹಾಕಿದ್ದು ಮಾತ್ರ, ಬೆಸುಗೆ ಇಲ್ಲ, ಲಗ್ ಇಲ್ಲ. ಟೇಪ್ ಮೆತ್ತಗಾಗಿ ಅಂಟು ಕೈಗೆ ಬಂತು, ಒಳಗಿನ ತಾಮ್ರ ಕಂದು ಬಣ್ಣಕ್ಕೆ ತಿರುಗಿದೆ.

ಕಟಪಾಡಿ ವಯರಿಂಗ್:
ಅಷ್ಟೇ ವಿಷಯ. 3.3 ವೋಲ್ಟ್ ದಾರಿಯಲ್ಲೇ ಬಿದ್ದು ಹೋಗ್ತಾ ಉಂಟು. 11 ಆಂಪ್ಸ್ ಇಟ್ಟು ಲೆಕ್ಕ ಹಾಕಿ, 36 ವಾಟ್ ಬಿಸಿ ನಿಮ್ಮ ಡ್ಯಾಶ್‌ಬೋರ್ಡ್ ಒಳಗೆ. ಒಂದು ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಅಷ್ಟೇ ಇರೋದು, ಅದನ್ನು ಟೇಪ್ ಸುತ್ತಿ ಡ್ಯಾಶ್‌ಬೋರ್ಡ್ ಹಿಂದೆ ಇಟ್ಟ ಹಾಗೆ. ನಂಗೆ ಇದು ನೋಡಿದ್ರೆ ಮಂಡೆ ಬಿಸಿ ಆಗ್ತದೆ, ಸ್ಟೀರಿಯೋ ಹಾಕುವ ಕೈಯಲ್ಲೇ ಇದನ್ನೂ ಹಾಕ್ತಾರೆ, ಗಾಡಿಗೆ ಬೆಂಕಿ ಹಿಡಿದ್ರೆ ಆಮೇಲೆ ರೇಡಿಯೋದಿಂದ ಅಂತ ಹೇಳ್ತಾರೆ. ರೇಡಿಯೋದಿಂದ ಅಲ್ಲ, ವಯರಿನಿಂದ.

ಈಗ ಸಮ ಮಾಡುವ ಕ್ರಮ ಹೇಳ್ತೇನೆ. ಬ್ಯಾಟ್ರಿಯಿಂದ ನೇರ ಸೆಟ್ಟಿಗೆ ಎರಡು ವಯರ್, ಕೆಂಪು ಕಪ್ಪು, ನಡುವಲ್ಲಿ ಯಾರಿಗೂ ಪಾಲಿಲ್ಲ. 4 ಸ್ಕ್ವೇರ್ ಎಂಎಂ ತಾಮ್ರದ ಫ್ಲೆಕ್ಸಿಬಲ್ ತಗೊಳ್ಳಿ. ಬ್ಯಾಟ್ರಿಯಿಂದ ಸೀಟಿನ ಹತ್ರಕ್ಕೆ ಸುತ್ತಿ ಬಳಸಿ 4 ಮೀಟರ್ ಆಗ್ತದೆ, ಹೋಗಿ ಬರ್ಲಿಕ್ಕೆ 8. 4 ಸ್ಕ್ವೇರಲ್ಲಿ 11 ಆಂಪ್ಸಿಗೆ ಬೀಳೋದು ಅರ್ಧ ವೋಲ್ಟಿಗಿಂತ ಕಡಿಮೆ. ಅದೇ 1 ಸ್ಕ್ವೇರ್ ಆದ್ರೆ 1.7 ವೋಲ್ಟ್, ಜಾಯಿಂಟಿನದ್ದು ಬೇರೆ. ಅಲ್ಯುಮಿನಿಯಮ್‌ಗೆ ತಾಮ್ರದ ನೀರು ಹಿಡಿಸಿದ ವಯರ್ ಕೊಡ್ತಾರೆ ಕೆಲವು ಕಡೆ, ಚಾಕುವಲ್ಲಿ ಒಂದು ಎಳೆ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡ್ರೆ ವಾಪಸ್ ಕೊಡಿ.

ಫ್ಯೂಸ್ 15 ಆಂಪ್ಸ್, ಬ್ಯಾಟ್ರಿಯ ಪಾಸಿಟಿವ್‌ನಿಂದ ಒಂದು ಗೇಣಿನ ಒಳಗೆ. ಸೆಟ್ಟಿನ ಹತ್ರ ಫ್ಯೂಸ್ ಉಂಟಲ್ಲ ಅಂತ ಹೇಳ್ಬೇಡಿ, ಅದು ಸೆಟ್ಟಿಗೆ. ಬ್ಯಾಟ್ರಿ ಹತ್ರದ ಫ್ಯೂಸ್ ವಯರಿಗೆ. ಎಲ್ಲಿಯಾದ್ರೂ ತಗಡಿಗೆ ಉಜ್ಜಿ ಸಿಪ್ಪೆ ಹೋದ್ರೆ ಸೆಟ್ಟಿನ ಫ್ಯೂಸಿನಿಂದ ಬ್ಯಾಟ್ರಿವರೆಗಿನ ವಯರನ್ನು ಕಾಯ್ಲಿಕ್ಕೆ ಯಾರೂ ಇಲ್ಲ, ಬ್ಯಾಟ್ರಿ ನೂರಾರು ಆಂಪ್ಸ್ ಸುರಿದುಬಿಡ್ತದೆ. ಕೆಲಸ ಮಾಡುವಾಗ ಬ್ಯಾಟ್ರಿ ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಹಾಕಿ.

ಸುರತ್ಕಲ್ 145:
ಎಲ್ಲ ಸರಿ, ಆದ್ರೆ ಕಪ್ಪು ವಯರ್ ಬ್ಯಾಟ್ರಿಯ ನೆಗೆಟಿವ್‌ಗೇ ಹಾಕ್ಬೇಕಾ? ನಾವು ಕಲಿಯುವಾಗ ಎರಡೂ ಬ್ಯಾಟ್ರಿಗೆ, ಎರಡಕ್ಕೂ ಫ್ಯೂಸ್ ಅಂತ ಹೇಳಿ ಕೊಟ್ಟದ್ದು. ನನ್ನ ಹಳೆ ಗಾಡಿಯಲ್ಲಿ ಹಾಗೇ ಉಂಟು, 15 ವರ್ಷದಿಂದ ತೊಂದರೆ ಇಲ್ಲ.

ಕಟಪಾಡಿ ವಯರಿಂಗ್:
ಹಳೆ ಗಾಡಿಗೆ ಅದು ತಪ್ಪಲ್ಲ. ನೆಗೆಟಿವ್‌ಗೂ ಫ್ಯೂಸ್ ಎಂತಕ್ಕೆ ಅಂದ್ರೆ, ಬ್ಯಾಟ್ರಿಯಿಂದ ಗಾಡಿಯ ತಗಡಿನ ಬಾಡಿಗೆ ಮತ್ತೆ ಎಂಜಿನ್‌ಗೆ ಹೋಗುವ ದಪ್ಪ ಅರ್ತ್ ಪಟ್ಟಿ ಉಂಟಲ್ಲ, ನಮ್ಮ ಕಡೆಯ ಉಪ್ಪು ಗಾಳಿಗೆ ಅದು ತುಕ್ಕು ಹಿಡಿದು ಕಡಿದು ಹೋದ್ರೆ ಸ್ಟಾರ್ಟರ್ ತಿರುಗುವ ಕರೆಂಟ್ ವಾಪಸ್ ಬರ್ಲಿಕ್ಕೆ ಬೇರೆ ದಾರಿ ಹುಡುಕ್ತದೆ. ಆಂಟೆನಾ ಬುಡ ಬಾಡಿಗೆ ಬೋಲ್ಟ್ ಮಾಡಿದ್ದಾದ್ರೆ ಅದರ ಕೋಆಕ್ಸ್ (ಆಂಟೆನಾ ಕೇಬಲ್) ಮೇಲ್ಪದರದಿಂದ ಸೆಟ್ಟಿಗೆ, ಸೆಟ್ಟಿನ ಕಪ್ಪು ವಯರಿಂದ ಬ್ಯಾಟ್ರಿಗೆ. ನೂರಕ್ಕಿಂತ ಜಾಸ್ತಿ ಆಂಪ್ಸ್ ನಿಮ್ಮ ರೇಡಿಯೋ ಹೊಟ್ಟೆಯೊಳಗಿಂದ. ಆ ಫ್ಯೂಸ್ ಅದನ್ನು ತಡೀತದೆ.

ಹೊಸ ಗಾಡಿಯಲ್ಲಿ ಬೇರೆ ವಿಷಯ. ಸಿಗ್ನಲ್ಲಲ್ಲಿ ತಾನಾಗಿ ಎಂಜಿನ್ ಆಫ್ ಆಗಿ ಕ್ಲಚ್ ಒತ್ತಿದ್ರೆ ಆನ್ ಆಗುವ ಗಾಡಿಗಳಲ್ಲಿ ನೆಗೆಟಿವ್ ಟರ್ಮಿನಲ್ ಮೇಲೆ ಒಂದು ಸಣ್ಣ ಪೆಟ್ಟಿಗೆ ಕೂತಿರ್ತದೆ, ಕರೆಂಟ್ ಸೆನ್ಸರ್. ಬ್ಯಾಟ್ರಿಯಿಂದ ಎಷ್ಟು ಹೋಯ್ತು ಎಷ್ಟು ಬಂತು ಅಂತ ಲೆಕ್ಕ ಇಡೋದು ಅದು. ನೀವು ಕಪ್ಪು ವಯರನ್ನು ನೇರ ಬ್ಯಾಟ್ರಿಯ ಟರ್ಮಿನಲ್ ಕಂಬಕ್ಕೆ ಹಾಕಿದ್ರೆ ನಿಮ್ಮ ಸೆಟ್ ಎಳೆದದ್ದು ಅದರ ಲೆಕ್ಕಕ್ಕೆ ಸಿಗೋದಿಲ್ಲ, ಚಾರ್ಜಿಂಗ್ ಅಡಿಮೇಲಾಗ್ತದೆ. ಅದಕ್ಕೆ ಸೆನ್ಸರ್ ದಾಟಿ, ಬ್ಯಾಟ್ರಿಯ ದಪ್ಪ ಕಪ್ಪು ವಯರ್ ಬಾಡಿಗೆ ಎಲ್ಲಿ ಬೋಲ್ಟ್ ಆಗಿದೆಯೋ ಅದೇ ಬೋಲ್ಟಿಗೆ ಕೊಡಿ. ಹೀಗೆ ಕೊಟ್ರೆ ನೆಗೆಟಿವ್ ಫ್ಯೂಸ್ ಬೇಡ. ನಾನು ಈಗ ಹಳೆಯದು ಹೊಸದು ಎಲ್ಲದಕ್ಕೂ ಹೀಗೇ ಮಾಡೋದು. ಆದ್ರೆ ಸೀಟಿನ ಬೋಲ್ಟಿಗೆ ಕಪ್ಪು ಕೊಡ್ತೇನೆ ಅಂತ ಹೊರಡ್ಬೇಡಿ, ಅಲ್ಲಿ ಪೈಂಟ್ ಉಂಟು, ಅಂಟು ಉಂಟು, ಇವತ್ತು ಹಿಡೀತದೆ ಮಳೆಗಾಲದಲ್ಲಿ ಬಿಡ್ತದೆ. ಎರಡು ವಯರೂ ಜೊತೆಯಾಗಿಯೇ ಹೋಗಿ ಬರ್ಲಿ, ಸದ್ದೂ ಕಡಿಮೆ.

ಸುರತ್ಕಲ್ 145:
ಸೆನ್ಸರ್ ವಿಷಯ ನಂಗೆ ಗೊತ್ತಿರ್ಲಿಲ್ಲ. ಮಗನ ಹೊಸ ಗಾಡಿಗೆ ಹಾಕುವ ಅಂತ ಇದ್ದೆ, ಒಳ್ಳೆದಾಯ್ತು ಹೇಳಿದ್ದು.

ಕುಂದಾಪ್ರ ಲಾರಿ:
ಹ್ವಾಯ್, ನಮ್ಮದು ಹತ್ತು ಚಕ್ರದ ಲಾರಿ, 24 ವೋಲ್ಟ್. ಎರಡು ಬ್ಯಾಟ್ರಿ ಸಾಲಾಗಿ ಇತ್ತ್. ಒಂದೇ ಬ್ಯಾಟ್ರಿಯಿಂದ 12 ವೋಲ್ಟ್ ತಕಂಡ್ರೆ ಸಾಕಲ್ದಾ? ನಂಗೂ ಲೈಸೆನ್ಸ್ ಇತ್ತ್, ಶಿರಾಡಿ ಘಾಟಿಯಂಗೆ ಫೋನ್ ಸಿಗುದಿಲ್ಲ, ಒಂದ್ ಸೆಟ್ ಇದ್ರೆ ಧೈರ್ಯ.

ಕಟಪಾಡಿ ವಯರಿಂಗ್:
ಬೇಡ. ಎರಡು ಬ್ಯಾಟ್ರಿಗೂ ಆಲ್ಟರ್ನೇಟರ್ ಒಟ್ಟಿಗೆ 28 ವೋಲ್ಟ್ ಹತ್ರ ಕೊಡೋದು. ಒಂದರಿಂದ ಮಾತ್ರ ಎಳೆದ್ರೆ ಅದು ಯಾವಾಗ್ಲೂ ಅರ್ಧ ಹೊಟ್ಟೆ, ಇನ್ನೊಂದಕ್ಕೆ ಜಾಸ್ತಿ ಚಾರ್ಜ್ ಆಗಿ ನೀರು ಕುದಿಯೋದು. ಎರಡೂ ಬೇಗ ಹೋಗ್ತವೆ. 24ರಿಂದ 13.8ಕ್ಕೆ ಇಳಿಸುವ ಕನ್ವರ್ಟರ್ ಸಿಗ್ತದೆ, 20 ಆಂಪ್ಸಿನದ್ದು ತಗೊಳ್ಳಿ, ಅದರ ಮೊದಲು ಫ್ಯೂಸ್. ತಪ್ಪಿಯೂ ನೇರ 24 ಕೊಡ್ಬೇಡಿ ಸೆಟ್ಟಿಗೆ. ಮತ್ತೆ ಕನ್ವರ್ಟರನ್ನು ಆಂಟೆನಾ ಕೇಬಲಿನಿಂದ ದೂರ ಇಡಿ, ಕೆಲವು ಕನ್ವರ್ಟರ್‌ಗಳು ತಾವೇ ಸದ್ದು ಮಾಡ್ತವೆ.

ಮಲ್ಪೆ ಬಂದರು:
ನಡುವೆ ಕೇಳ್ತೇನೆ ಬೇಜಾರು ಮಾಡ್ಬೇಡಿ. ನಮ್ಮ ಬೋಟಲ್ಲಿ 25 ವಾಟಿನ ಮೆರೈನ್ ವಿಎಚ್‌ಎಫ್ ಉಂಟು. ಅದೇ ತರದ ಇನ್ನೊಂದು ತಂದು ಮೀನಿನ ವ್ಯಾನಿಗೆ ಹಾಕಿದ್ರೆ ಬೋಟ್ ಬರುವ ಮೊದಲೇ ಐಸಿಗೆ ಹೇಳ್ಬಹುದಲ್ಲ?

ಸುರತ್ಕಲ್ 145:
ದಯವಿಟ್ಟು ಹಾಗೆ ಮಾಡ್ಬೇಡಿ. ಮೆರೈನ್ ಸೆಟ್ ಕಡಲಲ್ಲಿರುವ ಬೋಟಿಗೆ ಅಂತ ಕೊಡೋದು, ನೆಲದ ಮೇಲೆ ಅದನ್ನು ನಡೆಸ್ಲಿಕ್ಕೆ ಬೇರೆಯೇ ಪರವಾನಗಿ ಬೇಕು. ಚಾನೆಲ್ 16 ಅಂದ್ರೆ 156.8 ಮೆಗಾಹರ್ಟ್ಸ್, ಬೋಟ್ ಮುಳುಗುವಾಗ ಕೂಗಿ ಕರೆಯುವ ಚಾನೆಲ್ ಅದು. ಅಲ್ಲಿ ಐಸಿನ ಮಾತು ನಡೀತಾ ಇರುವಾಗ ಇನ್ನೊಬ್ಬನ ಮೇಡೇ (ಪ್ರಾಣಾಪಾಯದ ಕರೆ) ಅಡಿಗೆ ಬಿದ್ರೆ ಏನು ಮಾಡೋದು. ನಿಮ್ಮವರೇ ಯಾರಾದ್ರೂ ಆಗಿರಬಹುದು. ಹ್ಯಾಮ್ ಸೆಟ್ಟನ್ನೂ ವ್ಯಾಪಾರಕ್ಕೆ ಉಪಯೋಗಿಸ್ಲಿಕ್ಕೆ ಇಲ್ಲ. ದಡ ಹತ್ರ ಬಂದ ಮೇಲೆ ಫೋನೇ ಸಿಗ್ತದಲ್ಲ, ಅದು ಸಾಕು.

ಮಲ್ಪೆ ಬಂದರು:
ಅರ್ಥ ಆಯ್ತು. 16ರ ಬಗ್ಗೆ ನೀವು ಹೇಳಿದ್ದು ಸತ್ಯ, ನಾವೇ ಕೇಳಿದ್ದೇವೆ ರಾತ್ರಿ.

ಮಣಿಪಾಲ ವಿದ್ಯಾರ್ಥಿನಿ:
ನಾನು ಇನ್ನೂ ಪರೀಕ್ಷೆಗೆ ಓದ್ತಾ ಇದ್ದೇನೆ. ಸೆಟ್ ಮೊದಲೇ ತಗೊಂಡು ಕಾರಲ್ಲಿ ಹಾಕಿ ಇಟ್ಟು, ಬರೀ ಕೇಳ್ತಾ ಇದ್ರೆ ಆಗ್ತದಾ?

ಸುರತ್ಕಲ್ 145:
ಟ್ರಾನ್ಸ್‌ಮಿಟ್ ಮಾಡುವ ಸೆಟ್ ಇಟ್ಕೊಳ್ಳೋದಕ್ಕೇ ನಮ್ಮಲ್ಲಿ ಪರವಾನಗಿ ಬೇಕು, ಮಾತಾಡಿದ್ರೆ ಮಾತ್ರ ಅಂತ ಅಲ್ಲ. ದೂರಸಂಪರ್ಕ ಇಲಾಖೆಯ ವಯರ್‌ಲೆಸ್ ವಿಭಾಗ ಡಬ್ಲ್ಯುಪಿಸಿಯವರ ಎಎಸ್‌ಒಸಿ ಅನ್ನುವ ಹ್ಯಾಮ್ ಪರೀಕ್ಷೆ ಪಾಸ್ ಮಾಡಿ, 12 ವರ್ಷ ಆದ ಮಕ್ಕಳೂ ಬರೀತಾರೆ, ಕಷ್ಟ ಇಲ್ಲ. 2 ಮೀಟರ್ ಅಂದ್ರೆ ನಮಗೆ 144ರಿಂದ 146 ಮೆಗಾಹರ್ಟ್ಸ್ ಅಷ್ಟೇ, ಹೊರದೇಶದ ವೀಡಿಯೋ ನೋಡಿ 148ರವರೆಗೆ ಉಂಟು ಅಂತ ತಿಳ್ಕೊಳ್ಳಬೇಡಿ. ಅಷ್ಟರವರೆಗೆ ಈ ವಯರಿಂಗ್ ಕಲ್ತಿಡಿ, ಅದಕ್ಕೆ ಲೈಸೆನ್ಸ್ ಬೇಡ. ಸಂಶಯ ಇದ್ರೆ ಇಲ್ಲೇ ಕೇಳಿ.

ಉದ್ಯಾವರದ ಹುಡುಗ:
ಭಾನುವಾರ ಇಡೀ ಇದೇ ಕೆಲಸ. ನಂದು ಹಳೆ ಹ್ಯಾಚ್‌ಬ್ಯಾಕ್, ಸೆನ್ಸರ್ ಇಲ್ಲ, ಆದ್ರೂ ಬಾಡಿ ಬೋಲ್ಟಿಗೇ ಕೊಟ್ಟೆ. ಎಂಜಿನ್ ಕಡೆಯಿಂದ ಒಳಗೆ ವಯರ್ ತರುವ ಜಾಗ ಗೊತ್ತಾಗದೆ ಒಂದು ಗಂಟೆ ಹೋಯ್ತು. ತೂತು ಕೊರೆಯುವ ಅಂತ ಡ್ರಿಲ್ ತಂದಿದ್ದೆ, ಅಮ್ಮ ಬೇಡ ಅಂದ್ರು. ಕೊನೆಗೆ ಕ್ಲಚ್ ಪೆಡಲ್ ಮೇಲೆ, ದೊಡ್ಡ ವಯರ್ ಕಟ್ಟು ಒಳಗೆ ಬರುವಲ್ಲಿ ರಬ್ಬರ್ ಗ್ರೊಮೆಟ್ ಸಿಕ್ತು, ಅದರ ಬದಿಯಲ್ಲಿ ತುದಿ ಮುಚ್ಚಿದ ಒಂದು ಸಣ್ಣ ರಬ್ಬರ್ ಕೊಳವೆ ಇತ್ತು, ತುದಿ ಕತ್ತರಿಸಿದ್ರೆ ದಾರಿ.

ಕಬ್ಬಿಣದ ಸರಿಗೆ ತೂರಿಸ್ಲಿಕ್ಕೆ ಹೆದರಿಕೆ, ಒಳಗಿನ ವಯರಿಗೆ ಚುಚ್ಚಿದ್ರೆ? ಆಗ ಅಜ್ಜಿ ಹಿಡಿಸೂಡಿಯಿಂದ ಎರಡು ಕಡ್ಡಿ ಎಳೆದು ಕೊಟ್ರು. ತೆಂಗಿನ ಕಡ್ಡಿ, ದಪ್ಪ ತುದಿಗೆ ವಯರ್ ಟೇಪಲ್ಲಿ ಕಟ್ಟಿ ಸಪೂರ ತುದಿ ತೂರಿಸಿದ್ರೆ ಬಾಗ್ತಾ ಬಾಗ್ತಾ ಬಂದುಬಿಡ್ತು, ಕರೆಂಟೂ ಹಿಡಿಯೋದಿಲ್ಲ, ಸಿಪ್ಪೆಗೂ ಏನಾಗೋದಿಲ್ಲ. ಆಮೇಲೆ ಗ್ರೊಮೆಟ್ ಸುತ್ತ ಸಿಲಿಕೋನ್ ಹಾಕಿದೆ.

ಈಗ ವೋಲ್ಟ್: ಪಿಟಿಟಿ ಒತ್ತಿದಾಗ ಸೆಟ್ಟಿನ ಹತ್ರ 13.4! ಆಫ್ ಆಗೋದಿಲ್ಲ. ಕೀಂಯ್ ಶಬ್ದ ಹೋಗಿದೆ, ಆದ್ರೆ ಬೇರೆ ಒಂದು ಸೊರ್ ಅಂತ ಬರ್ತಾ ಉಂಟು, ಎಂಜಿನ್ ಆಫ್ ಮಾಡಿದ್ರೂ ಉಂಟು. ಮತ್ತೆ ಆಂಟೆನಾ ಹೇಗೆ ಇಡೋದು ಹೇಳಿ. ಮ್ಯಾಗ್ನೆಟಿನದ್ದು ಉಂಟು ನನ್ನ ಹತ್ರ, ಈಗ ಡಿಕ್ಕಿ ಮೇಲೆ ಕೂರಿಸಿದ್ದೇನೆ.

ಕಟಪಾಡಿ ವಯರಿಂಗ್:
ಹಿಡಿಸೂಡಿ ಕಡ್ಡಿ ನಾನೂ ನಾಳೆಯಿಂದ ಇಟ್ಕೊಳ್ತೇನೆ, ಒಳ್ಳೆ ಉಪಾಯ. ಒಳಗೆ ಪಿಲ್ಲರ್ ಬದಿಯಿಂದ ವಯರ್ ತಂದಿದ್ರೆ ಅಲ್ಲಿ ಏರ್‌ಬ್ಯಾಗ್ ಉಂಟಾ ನೋಡಿ, ಅದರ ಮೇಲಿಂದ ಹೋಗ್ಬಾರದು. ಸೆಟ್ಟನ್ನೂ ಏರ್‌ಬ್ಯಾಗ್ ಬಿಚ್ಚುವ ದಾರಿಯಲ್ಲಿ ಇಡ್ಬೇಡಿ. ಸೀಟಿನ ಅಡಿಯಲ್ಲಾದ್ರೆ ನೆಲಕ್ಕೆ ತಾಗಿಸದೆ ಎರಡು ಇಂಚು ಎತ್ತರದಲ್ಲಿ ಹಾಕಿ, ಆಟಿ ತಿಂಗಳ ಮಳೆಯಲ್ಲಿ ಕಾರ್ಪೆಟ್ ಅಡಿಯಲ್ಲಿ ನೀರು ನಿಲ್ಲದ ಗಾಡಿ ನಮ್ಮ ಊರಲ್ಲಿ ಕಡಿಮೆ. ಬಿಸಿ ಹೋಗ್ಲಿಕ್ಕೆ ಗಾಳಿಯೂ ಬೇಕು.

ಸುರತ್ಕಲ್ 145:
ಸೊರ್ ಶಬ್ದಕ್ಕೆ: ಫೋನ್ ಚಾರ್ಜರ್ ತೆಗೀರಿ, ಡ್ಯಾಶ್‌ಕ್ಯಾಮ್ ತೆಗೀರಿ, ಒಂದೊಂದಾಗಿ. ನೂರಕ್ಕೆ ತೊಂಬತ್ತು ಡ್ಯಾಶ್‌ಕ್ಯಾಮಿನ ಅಡಾಪ್ಟರೇ ಅಂತ ನನ್ನ ನಂಬಿಕೆ.

ಆಂಟೆನಾ ಡಿಕ್ಕಿ ಮೇಲೆ ಬೇಡ, ಗಾಡಿಯ ಮಾಡಿನ, ಅಂದ್ರೆ ಮೇಲ್ಛಾವಣಿಯ, ನಟ್ಟ ನಡುವೆ ಬೇಕು. ಆ ಕೋಲು ಅರ್ಧ ಆಂಟೆನಾ ಮಾತ್ರ, ಇನ್ನರ್ಧ ಕೆಳಗಿನ ತಗಡು. 145 ಮೆಗಾಹರ್ಟ್ಸಿಗೆ ಕಾಲು ತರಂಗ ಅಂದ್ರೆ ಸುಮಾರು 49 ಸೆಂಟಿಮೀಟರ್, ಕೋಲಿನ ಸುತ್ತ ನಾಲ್ಕು ದಿಕ್ಕಿಗೂ ಅಷ್ಟಾದ್ರೂ ತಗಡು ಸಿಗಬೇಕು. ಮೂಲೆಯಲ್ಲಿ ಇಟ್ರೆ ಒಂದು ಕಡೆಗೆ ಮಾತ್ರ ಹೋಗ್ತದೆ. ಮಾಡಿನ ನಡುವೆ ಇದ್ರೆ ಒಳಗೆ ಕೂತವರಿಗೂ ತಗಡಿನ ಮರೆ ಇರ್ತದೆ. ಸನ್‌ರೂಫ್ ಗಾಡಿಯವರಿಗೆ ಇದು ಕಷ್ಟ, ಅವರು ಬೊನೆಟ್ ಅಂಚಿಗೆ ಬ್ರಾಕೆಟ್ ಹಾಕ್ಬೇಕು, ಸ್ಕ್ರೂ ಪೈಂಟ್ ಕಡಿದು ತಗಡಿಗೆ ಮುಟ್ಟಬೇಕು. ಒಂದು ಕಾಲು ಮೀಟರ್ ಉದ್ದದ 5/8 ತರಂಗದ ಆಂಟೆನಾ ಹಾಕುವ ಆಸೆ ಎಲ್ರಿಗೂ ಬರ್ತದೆ, ಹೈವೇಯಲ್ಲಿ ಗಮ್ಮತ್, ಆದ್ರೆ ಮಾಲ್‌ನ ಬೇಸ್‌ಮೆಂಟಲ್ಲಿ ಬೀಮಿಗೆ ತಾಗಿದ್ರೆ ಬುಡ ಸಮೇತ ಹೋಗ್ತದೆ. ನಿಮ್ಗೆ ಕಾಲು ತರಂಗ ಸಾಕು.

ಹೈ ಪವರ್ ಮೊದಲು ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾದಿಂದ ಎಷ್ಟು ಪವರ್ ವಾಪಸ್ ಬರ್ತದೆ ಅಂತ ತೋರಿಸೋದು) ಹಾಕಿ ಲೋ ಪವರಲ್ಲಿ 144ರ ಹತ್ರ ಒಮ್ಮೆ, 146ರ ಹತ್ರ ಒಮ್ಮೆ ನೋಡಿ. 1.5ರ ಒಳಗೆ ಇದ್ರೆ ಚಂದ, 3 ದಾಟಿದ್ರೆ ಪಿಟಿಟಿ ಒತ್ಲೇಬೇಡಿ, ಎಲ್ಲೋ ಕಡಿದಿದೆ ಅಥವಾ ಶಾರ್ಟ್ ಆಗಿದೆ ಅಂತ ಲೆಕ್ಕ. ಕೆಳಗೆ ಕಡಿಮೆ ಮೇಲೆ ಜಾಸ್ತಿ ಬಂದ್ರೆ ಕೋಲು ಉದ್ದ ಆಯ್ತು ಅಂತ. ಒಂದು ಮಿಲಿಮೀಟರ್ ಕತ್ತರಿಸಿದ್ರೆ ಆಂಟೆನಾ ಹೊಂದುವ ಫ್ರೀಕ್ವೆನ್ಸಿ 0.3 ಮೆಗಾಹರ್ಟ್ಸ್ ಹತ್ರ ಏರ್ತದೆ, ಆದ್ದರಿಂದ ಎರಡೆರಡೇ ಮಿಲಿಮೀಟರ್ ಕತ್ತರಿಸಿ. ಕತ್ತರಿಸಿದ್ದು ಪುನಃ ಅಂಟಿಸ್ಲಿಕ್ಕೆ ಆಗೋದಿಲ್ಲ.

ಉದ್ಯಾವರದ ಹುಡುಗ:
ಸೊರ್ ಶಬ್ದ ಡ್ಯಾಶ್‌ಕ್ಯಾಮಿನದ್ದೇ! ಪ್ಲಗ್ ತೆಗೆದ ಕೂಡ್ಲೆ ನಿಂತಿತು. ಅದರ ವಯರಿಗೆ ಸದ್ದು ತಡೆಯುವ ಎರಡು ಫೆರೈಟ್ ಕ್ಲಿಪ್ ಹಾಕಿದೆ, ಈಗ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸ್ಪೀಕರ್ ಮುಚ್ಚಿಡೋದು) ಸುಮ್ಮನೆ ತೆರೆಯೋದಿಲ್ಲ.

ಆಂಟೆನಾ ಮಾಡಿನ ನಡುವೆ ಇಟ್ರೂ ಎಸ್‌ಡಬ್ಲ್ಯುಆರ್ ಎಲ್ಲಾ ಕಡೆ 4ರ ಮೇಲೆ. ಕೋಲು ಕತ್ತರಿಸುವ ಮೊದಲು ಕೇಳುವ ಅಂತ.

ಕಟಪಾಡಿ ವಯರಿಂಗ್:
ಎಲ್ಲಾ ಕಡೆ ಒಂದೇ ತರ ಜಾಸ್ತಿ ಅಂದ್ರೆ ಉದ್ದದ ವಿಷಯ ಅಲ್ಲ. ಕೇಬಲ್ ಹಳೆಯದಾ? ಪ್ಲಗ್ ಬಿಚ್ಚಿ ನೋಡಿ, ಪಿಎಲ್-259 ಹಿಂದಿನ ಭಾಗ. ಬುಡವನ್ನೂ ಬಿಚ್ಚಿ.

ಉದ್ಯಾವರದ ಹುಡುಗ:
ಬಿಚ್ಚಿದೆ. ಪ್ಲಗ್ ಕಡೆ ಹೊಳೀತಾ ಉಂಟು. ಆದ್ರೆ ಆಂಟೆನಾ ಬುಡದಲ್ಲಿ ಮ್ಯಾಗ್ನೆಟ್ ಅಡಿಯ ರಬ್ಬರ್ ತೆಗೆದ್ರೆ ಒಳಗೆ ಹಸಿರು ಹುಡಿ. ಕೋಆಕ್ಸ್‌ನ ಮೇಲಿನ ಜಾಳಿಗೆ ಎಳೆಗಳು ಉಗುರು ತಾಗಿಸಿದ್ರೆ ಉದುರಿ ಹೋಗ್ತವೆ, ಒಂದು ಗೇಣು ಹಿಂದಕ್ಕೆ ಕತ್ತರಿಸಿದ್ರೂ ತಾಮ್ರ ಕಪ್ಪು. ನೀರು ಕೇಬಲ್ ಒಳಗೇ ಏರಿದೆ ಅಂತ ಕಾಣ್ತದೆ. ಇದನ್ನು ಒಬ್ಬರು ಬೀಚಿನ ಹತ್ರದ ಮನೆಯವರು ಉಪಯೋಗಿಸಿದ್ದು.

ಕಟಪಾಡಿ ವಯರಿಂಗ್:
ಬಿಸಾಡಿ. ಜಾಳಿಗೆ ಬತ್ತಿ ಎಣ್ಣೆ ಎಳೆದ ಹಾಗೆ ನೀರು ಎಳೀತದೆ, ಒಮ್ಮೆ ಹೋಯ್ತು ಅಂದ್ರೆ ಆ ಕೇಬಲ್ ಮುಗೀತು. ಹೊಸ ಆರ್‌ಜಿ-58 5 ಮೀಟರ್ ಹಾಕಿ, 145ರಲ್ಲಿ ಅಷ್ಟು ಉದ್ದಕ್ಕೆ ಸುಮಾರು 1 ಡಿಬಿ ಹೋಗ್ತದೆ, ಅದಕ್ಕಿಂತ ಜಾಸ್ತಿ ಉದ್ದ ಸುತ್ತಿ ಇಡ್ಬೇಡಿ. ಬುಡದ ಜಾಯಿಂಟಿಗೆ ಎಳೆದು ಸುತ್ತಿದ್ರೆ ತನಗೆ ತಾನೇ ಒಂದಾಗುವ ರಬ್ಬರ್ ಟೇಪ್ ಸಿಗ್ತದೆ, ಅದನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಹಂಚು ಹೊದಿಸಿದ ಹಾಗೆ ಮೇಲಿನದು ಕೆಳಗಿನದರ ಮೇಲೆ ಬರ್ಬೇಕು, ಅದರ ಮೇಲೆ ಸಾಮಾನ್ಯ ಕಪ್ಪು ಟೇಪ್. ಕೇಬಲ್ ಡಿಕ್ಕಿ ಬಾಗಿಲಿನ ರಬ್ಬರಿಂದ ಒಳಗೆ ಬರುವ ಮೊದಲು ಒಂದು ಯು ಆಕಾರದ ಇಳಿಜಾರು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳ್ಲಿ, ಇಲ್ಲದಿದ್ರೆ ಕೇಬಲ್ ಹಿಡಿದೇ ಸೀಟಿನವರೆಗೆ ಬರ್ತದೆ.

ಮತ್ತೆ ವಾರಕ್ಕೊಮ್ಮೆ ಮ್ಯಾಗ್ನೆಟ್ ಎತ್ತಿ ಅಡಿ ಒರೆಸಿ. ಹೊಯಿಗೆ, ಉಪ್ಪು, ನೀರು ಅಲ್ಲಿ ಸಿಕ್ಕಿಹಾಕ್ಕೊಂಡು ಒಂದು ಮಳೆಗಾಲದಲ್ಲಿ ಮಾಡಿನ ಮೇಲೆ ಉಂಗುರದ ಹಾಗೆ ತುಕ್ಕು ಬಿದ್ದ ಗಾಡಿ ನಾನು ನೋಡಿದ್ದೇನೆ. ಅಡಿಗೆ ದಪ್ಪ ಬಟ್ಟೆ ಹಾಕ್ಬೇಡಿ, ತಗಡು ದೂರ ಆದ್ರೆ ಆಂಟೆನಾ ಕೆಲಸ ಮಾಡೋದಿಲ್ಲ.

ಮಣಿಪಾಲ ವಿದ್ಯಾರ್ಥಿನಿ:
ಸೆಟ್ ಆನ್ ಇಟ್ಟು ಮರೆತು ಹೋದ್ರೆ ಬ್ಯಾಟ್ರಿ ಇಳೀತದಾ? ನೇರ ಬ್ಯಾಟ್ರಿಗೆ ಅಂದ್ರೆ ಕೀ ತೆಗೆದ್ರೂ ಆನ್ ಇರ್ತದಲ್ಲ.

ಕಟಪಾಡಿ ವಯರಿಂಗ್:
ಇರ್ತದೆ. ಸುಮ್ಮನೆ ಕೇಳ್ತಾ ಇದ್ರೂ ಅರ್ಧ ಆಂಪ್ಸ್ ಹತ್ರ ಎಳೀತದೆ, 12 ಗಂಟೆಗೆ 6 ಆಂಪ್ ಅವರ್. ಸಣ್ಣ ಕಾರಿನ 35ರ ಬ್ಯಾಟ್ರಿಗೆ ಒಂದು ರಾತ್ರಿ ಅಡ್ಡಿ ಇಲ್ಲ, ಎರಡು ಮೂರು ದಿನ ಬಿಟ್ರೆ ಸ್ಟಾರ್ಟ್ ಆಗ್ಲಿಕ್ಕಿಲ್ಲ. ಸೆಟ್ಟಿನ ಮೆನುವಲ್ಲಿ ಎಪಿಒ (ತಾನಾಗಿ ಆಫ್ ಆಗೋದು) ಅಂತ ಇದ್ರೆ ಎರಡು ಗಂಟೆಗೆ ಇಡಿ.

ಸುರತ್ಕಲ್ 145:
ಮೈಕ್ ಹಿಡಿದು ಗಾಡಿ ಓಡಿಸ್ಬೇಡಿ ಅಂತ ನಾನು ಎಲ್ಲ ಹೊಸಬರಿಗೂ ಹೇಳೋದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ನಂತರ ಓಡಿಸುವಾಗ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನ ಉಪಯೋಗಿಸೋದು ಅಪಾಯಕಾರಿ ಚಾಲನೆಯ ಲೆಕ್ಕಕ್ಕೆ ಬರ್ತದೆ. ಬದಿಗೆ ಹಾಕಿ ಮಾತಾಡಿ.

ಉದ್ಯಾವರದ ಹುಡುಗ:
ಹೊಸ ಕೇಬಲ್ ಹಾಕಿ ಆಯ್ತು. 144ರಲ್ಲಿ 1.2, 146ರಲ್ಲಿ 1.6 ಇತ್ತು, ಎರಡು ಮಿಲಿಮೀಟರ್ ಕತ್ತರಿಸಿದ ಮೇಲೆ ಎರಡೂ ಕಡೆ 1.3. ಇವತ್ತು ಸಂಜೆ ಕಾಪು ಲೈಟ್‌ಹೌಸ್ ಹತ್ರ ಗಾಡಿ ನಿಲ್ಲಿಸಿ ಸುರತ್ಕಲ್‌ನವರನ್ನು ಕರೆದೆ, ಮೊದಲ ಕರೆಗೇ ಉತ್ತರ ಕೊಟ್ರು, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ. ಅಜ್ಜಿಯನ್ನೂ ಕರ್ಕೊಂಡು ಹೋಗಿದ್ದೆ, ಅವರಿಗೂ ಕೇಳಿತು.

ಸುರತ್ಕಲ್ 145:
ಈ ಕಡೆ ಎಸ್ ಮೀಟರ್ (ಸಿಗ್ನಲ್ ಬಲ ತೋರಿಸೋದು) ಪೂರ್ತಿ ಇತ್ತು, ಸದ್ದು ಸೊನ್ನೆ. ನಾನು ಲೋ ಪವರಿಗೆ ಹಾಕ್ಲಿಕ್ಕೆ ಹೇಳಿದ ಮೇಲೂ ಸ್ಪಷ್ಟ ಕೇಳ್ತಿತ್ತು. ಬರುವ ಶನಿವಾರ ಆಗುಂಬೆ ಕಡೆ ಹೋಗ್ತೇನೆ ಅಂದ್ರಲ್ಲ, ಸೋಮೇಶ್ವರ ದಾಟಿದ ಮೇಲೆ ನನ್ನನ್ನು ಕರೀರಿ, ಎಷ್ಟನೇ ತಿರುವಿನವರೆಗೆ ಸಿಗ್ತದೆ ಅಂತ ಬರೆದಿಡುವ. ಕುಂದಾಪ್ರದವರು ಕನ್ವರ್ಟರ್ ಹಾಕಿ ಆದ್ರೆ ಶಿರಾಡಿಯದ್ದನ್ನೂ ಹೀಗೇ ಬರೆಯುವ.

ಕುಂದಾಪ್ರ ಲಾರಿ:
ಕನ್ವರ್ಟರ್ ಬಂದಿತ್ತ್, ಫ್ಯೂಸ್ ತಕಂಬುಕೆ ನಾಳೆ ಹೋಯ್ಕ್. ಹಾಕಿ ಕೂಡ್ಲೆ ಹೇಳ್ತೆ.